ಮನೆಯ ಕೋಣೆ ಮತ್ತು ಧ್ವನಿಮುದ್ರಣ: ಒಂದು ಚಾರಿತ್ರಿಕ ಅವಲೋಕನ

ಹಾಡಿದ ಸ್ವರ ಗಾಳಿಯಲ್ಲಿ ಲೀನವಾದ ಮೇಲೆ ಕೇಳಿದವರ ನೆನಪಿನಲ್ಲಲ್ಲದೆ ಬೇರೆಲ್ಲಿಯೂ ಉಳಿಯದು ಎಂಬ ಸ್ಥಿತಿ ಬದಲಾದದ್ದು 1877ರಲ್ಲಿ, ಥಾಮಸ್ ಆಲ್ವಾ ಎಡಿಸನ್ ಫೋನೋಗ್ರಾಫ್ ಯಂತ್ರವನ್ನು ರೂಪಿಸಿದಾಗ. ಅಂದಿನಿಂದ ಇಂದಿನವರೆಗಿನ ಧ್ವನಿಮುದ್ರಣದ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿಯೇ ಬರೆಯಲಾಗಿದೆ. ಮೇಣದ ಉರುಳೆ, ಅರಗಿನ ತಟ್ಟೆ, ಕಾಂತೀಯ ಟೇಪು, ಕ್ಯಾಸೆಟ್, ಕಂಪ್ಯೂಟರ್ ಎಂಬ ಕ್ರಮದಲ್ಲಿ ಅದು ನಮ್ಮ ಮುಂದೆ ನಿಲ್ಲುತ್ತದೆ. ಆದರೆ ಈ ಚರಿತ್ರೆಗೆ ಇನ್ನೊಂದು ಮುಖವಿದೆ. ಅದು ಧ್ವನಿ ಮುದ್ರಿತವಾದ ಸ್ಥಳದ ಚರಿತ್ರೆ. ಮೊದಲು ಸಾಮಾನ್ಯ ಕೋಣೆಗಳಲ್ಲಿ ನಡೆಯುತ್ತಿದ್ದ ಧ್ವನಿಮುದ್ರಣವು ಮುಂದೆ ಅದಕ್ಕೆಂದೇ ಕಟ್ಟಿದ ಸ್ಟುಡಿಯೋಗಳಿಗೆ ಸರಿಯಿತು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮತ್ತೆ ಮನೆಗೆ ಮರಳಿತು. ಮರಳುವಾಗ ಯಂತ್ರಗಳೆಲ್ಲ ಜೊತೆಗೆ ಬಂದವು. ಸ್ಟುಡಿಯೋ ಒದಗಿಸುತ್ತಿದ್ದ ಮೂರು ಸೌಲಭ್ಯಗಳು ಮಾತ್ರ ತಾವಾಗಿ ಬರಲಿಲ್ಲ. ಹದಗೊಳಿಸಿದ ಕೋಣೆ, ನಂಬಬಹುದಾದ ಆಲಿಕೆ ಮತ್ತು ಇನ್ನೊಬ್ಬರ ಕಿವಿ ಎಂಬ ಈ ಮೂರನ್ನು ಮನೆಯಲ್ಲಿ ಹೇಗೆ ಗಳಿಸಿಕೊಳ್ಳಲಾಯಿತು, ಎಲ್ಲಿ ಕಳೆದುಕೊಳ್ಳಲಾಯಿತು ಎಂಬುದರ ಪರಿಶೀಲನೆಯೇ ಪ್ರಸ್ತುತ ಲೇಖನದ ಉದ್ದೇಶ.

ಕೊಂಬಿನ ಕಾಲ

ಎಡಿಸನ್ನನ ಯಂತ್ರದ ವಿಶೇಷವೆಂದರೆ ಅದು ಧ್ವನಿಯನ್ನು ನುಡಿಸುವುದರ ಜೊತೆಗೆ ಮುದ್ರಿಸಲೂ ಬಲ್ಲದಾಗಿತ್ತು. ಮೇಣದ ಉರುಳೆಯನ್ನು ಕೊಂಡವರು ತಮ್ಮ ಮನೆಯಲ್ಲಿಯೇ ಮಾತನ್ನೋ ಹಾಡನ್ನೋ ಮುದ್ರಿಸಿಕೊಳ್ಳಬಹುದಿತ್ತು. ಈ ಅರ್ಥದಲ್ಲಿ ಗೃಹ ಧ್ವನಿಮುದ್ರಣವು ಹೊಸ ಕಾಲದ ಸೃಷ್ಟಿಯಲ್ಲ, ಧ್ವನಿಮುದ್ರಣದಷ್ಟೇ ಹಳೆಯದು. ಎಮಿಲ್ ಬರ್ಲಿನರ್ 1887ರಲ್ಲಿ ಪೇಟೆಂಟ್ ಪಡೆದ ಗ್ರಾಮೋಫೋನ್ ಜನಪ್ರಿಯವಾದ ಮೇಲೆ ಈ ಸ್ಥಿತಿ ಬದಲಾಯಿತು. ತಟ್ಟೆಯನ್ನು ಅಚ್ಚು ಹಾಕಿ ಸಾವಿರಾರು ಪ್ರತಿ ತೆಗೆಯುವುದು ಸುಲಭವಾಯಿತು, ಆದರೆ ಮುದ್ರಿಸುವ ಅಧಿಕಾರ ಕಂಪನಿಯ ಕೈಗೆ ಹೋಯಿತು. ಮನೆ ಕೇವಲ ಕೇಳುವ ಸ್ಥಳವಾಗಿ ಉಳಿಯಿತು.

ಭಾರತದಲ್ಲಿ ವ್ಯಾಪಾರೀ ಧ್ವನಿಮುದ್ರಣದ ಆರಂಭವೂ ಸ್ಟುಡಿಯೋದಲ್ಲಿ ಆಗಲಿಲ್ಲ. ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಗೆ ಬಂದು ಹೋಟೆಲಿನ ಕೋಣೆಯನ್ನೇ ಧ್ವನಿಮುದ್ರಣಕ್ಕೆ ಸಜ್ಜುಗೊಳಿಸಿದನು. ಅಲ್ಲಿ ಮುದ್ರಿತವಾದ ಗಾಯಕಿಯರಲ್ಲಿ ಗೌಹರ್ ಜಾನ್ ಪ್ರಮುಖಳು. ಮುಂದೆ ಮೈಸೂರು ಅರಸರ ಆಶ್ರಯ ಪಡೆದ ಈ ಕಲಾವಿದೆ 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ನಿಧನಳಾದಳೆಂಬುದು ಕನ್ನಡನಾಡಿನ ಸಂಗೀತಾಸಕ್ತರಿಗೆ ತಿಳಿದ ಸಂಗತಿ. ಆ ಕಾಲದ ವಿಧಾನದಲ್ಲಿ ಮೈಕ್ರೋಫೋನಾಗಲಿ ವಿದ್ಯುತ್ತಾಗಲಿ ಇರಲಿಲ್ಲ. ಕಲಾವಿದರು ದೊಡ್ಡ ಕೊಂಬಿನ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಾಗಿತ್ತು. ಧ್ವನಿಯ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯುತ್ತಿತ್ತು. ಕೊಂಬು ಹತ್ತಿರದ, ಬಲವಾದ ಧ್ವನಿಯನ್ನು ಮಾತ್ರ ಹಿಡಿಯುತ್ತಿದ್ದುದರಿಂದ ಕೋಣೆಯ ಗುಣ ತಟ್ಟೆಯ ಮೇಲೆ ಅಷ್ಟಾಗಿ ಮೂಡುತ್ತಿರಲಿಲ್ಲ. ಹೋಟೆಲಿನ ಕೋಣೆ ಸಾಕಾದದ್ದು ಈ ಕಾರಣದಿಂದಲೇ.

1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಳಕೆಗೆ ಬಂದಿತು. ಮೈಕ್ರೋಫೋನು ಪಿಸುಮಾತನ್ನೂ ಹಿಡಿಯಬಲ್ಲದಾಗಿದ್ದಿತು. ಅದರ ಜೊತೆಗೆ ಗೋಡೆಯಿಂದ ಮರಳಿದ ಧ್ವನಿಯನ್ನೂ, ಬೀದಿಯ ಸದ್ದನ್ನೂ, ಸೂರಿನ ಗುಂಯ್‌ಗುಟ್ಟುವಿಕೆಯನ್ನೂ ಹಿಡಿಯಿತು. ಕೋಣೆಯು ಧ್ವನಿಮುದ್ರಣದ ಸಮಸ್ಯೆಯಾದದ್ದು ಇಲ್ಲಿಂದ ಮುಂದೆ. ಸ್ಟುಡಿಯೋ ಎಂಬ ವಿಶಿಷ್ಟ ಕಟ್ಟಡದ ಅಗತ್ಯ ಹುಟ್ಟಿದ್ದೂ ಇದರಿಂದಲೇ ಎನ್ನಬಹುದು.

ಕೋಣೆಯ ಶಾಸ್ತ್ರ

ಈ ಸಮಸ್ಯೆ ತಲೆದೋರುವ ಹೊತ್ತಿಗೆ ಅದರ ಶಾಸ್ತ್ರ ಸಿದ್ಧವಾಗಿತ್ತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಹೊಣೆ 1895ರಲ್ಲಿ ತರುಣ ಭೌತಶಾಸ್ತ್ರಜ್ಞ ವಾಲೇಸ್ ಸೇಬಿನ್‌ಗೆ ಬಂದಿತು. ಆತನು ರಾತ್ರಿಯ ನಿಶ್ಶಬ್ದದಲ್ಲಿ ಆರ್ಗನ್ ಕೊಳವೆಯನ್ನು ಊದಿಸಿ, ಅದು ನಿಂತ ಮೇಲೆ ಧ್ವನಿ ಕಿವಿಗೆ ಕೇಳಿಸದಂತಾಗಲು ಹಿಡಿಯುವ ಕಾಲವನ್ನು ಅಳೆದನು. ಖಾಲಿ ಮಂದಿರದಲ್ಲಿ ಅದು ಸುಮಾರು ಐದೂವರೆ ಸೆಕೆಂಡು. ಸಮೀಪದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ಹೊರಿಸಿ ತಂದು ಹಾಸುತ್ತ ಹೋದಂತೆ ಈ ಕಾಲ ಕಡಿಮೆಯಾಗುತ್ತ ಬಂದಿತು. ಈ ಪ್ರಯೋಗಗಳಿಂದ ಹೊರಬಂದ ಸೂತ್ರ ಸರಳವಾಗಿದೆ. ಕೋಣೆಯ ಘನ ಅಳತೆಯನ್ನು ಘನ ಮೀಟರುಗಳಲ್ಲಿ ಹೇಳಿ 0.161ರಿಂದ ಗುಣಿಸಿ, ಬಂದದ್ದನ್ನು ಕೋಣೆಯ ಒಟ್ಟು ಧ್ವನಿ ಹೀರಿಕೆಯಿಂದ ಭಾಗಿಸಿದರೆ ಅನುರಣನದ ಕಾಲ ಸೆಕೆಂಡುಗಳಲ್ಲಿ ದೊರೆಯುತ್ತದೆ. 1900ರಲ್ಲಿ ತೆರೆದ ಬಾಸ್ಟನ್ ನಗರದ ಸಿಂಫನಿ ಹಾಲ್ ಈ ಶಾಸ್ತ್ರದ ಆಧಾರದ ಮೇಲೆ ನಿರ್ಮಾಣವಾಯಿತು.

ದೊಡ್ಡ ಸಭಾಂಗಣಕ್ಕೆ ಹುಟ್ಟಿದ ಈ ಸೂತ್ರವನ್ನು ನಮ್ಮ ಮನೆಗಳ ಕೋಣೆಗೆ ಅನ್ವಯಿಸಿದರೆ ಪೂರ್ಣ ನಿಖರತೆ ದೊರೆಯದಿದ್ದರೂ ಸಮಸ್ಯೆಯ ಸ್ವರೂಪ ಸ್ಪಷ್ಟವಾಗುತ್ತದೆ. 3.6 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯೊಂದರಲ್ಲಿ ಗಾರೆಯ ಗೋಡೆ, ಕಾಂಕ್ರೀಟಿನ ಸೂರು, ಕಲ್ಲಿನ ನೆಲ ಇವೆಯೆಂದು ಭಾವಿಸೋಣ. ಇವು ತಮ್ಮ ಮೇಲೆ ಬಿದ್ದ ಧ್ವನಿಯಲ್ಲಿ ನೂರಕ್ಕೆ ಮೂರು ಪಾಲನ್ನಷ್ಟೇ ಹೀರುತ್ತವೆಂದು ಹಿಡಿದರೆ ಅನುರಣನದ ಕಾಲ ಸುಮಾರು 2.8 ಸೆಕೆಂಡು. ಅದೇ ಕೋಣೆಯ ಗೋಡೆಗಳಿಗೆ ಎಂಟು ಚದರ ಮೀಟರಿನಷ್ಟು ದಪ್ಪ ಹತ್ತಿಯ ಹಾಸಿಗೆಯನ್ನು ಒರಗಿಸಿ, ಅದು ನೂರಕ್ಕೆ ಎಪ್ಪತ್ತು ಪಾಲು ಹೀರುತ್ತದೆಂದು ಲೆಕ್ಕ ಹಾಕಿದರೆ ಕಾಲವು 0.7 ಸೆಕೆಂಡಿಗೆ ಇಳಿಯುತ್ತದೆ. ಯಾವುದೇ ಬೆಲೆಬಾಳುವ ಯಂತ್ರವಿಲ್ಲದೆ ಆದ ಬದಲಾವಣೆ ಇದು.

ಆದರೆ ಹಾಸಿಗೆ, ಜಮಖಾನ, ಪರದೆಗಳು ಹೀರುವುದು ಮುಖ್ಯವಾಗಿ ಮಧ್ಯ ಮತ್ತು ತಾರ ಧ್ವನಿಗಳನ್ನು. ಮಂದ್ರದ ಅಲೆಗಳು ಉದ್ದವಾದವು. 100 ಹರ್ಟ್ಸ್ ಕಂಪನಾಂಕದ ಅಲೆ ಸುಮಾರು 3.4 ಮೀಟರ್ ಉದ್ದವಿರುತ್ತದೆ; ತೆಳು ಬಟ್ಟೆ ಅದಕ್ಕೆ ಅಡ್ಡಿಯೇ ಅಲ್ಲ. ಎದುರುಬದುರು ಗೋಡೆಗಳ ನಡುವೆ ಇಂತಹ ಅಲೆಗಳು ಸ್ಥಿರ ತರಂಗಗಳಾಗಿ ನಿಲ್ಲುತ್ತವೆ. ಮೇಲೆ ಹೇಳಿದ ಕೋಣೆಯಲ್ಲಿ ಉದ್ದದ ದಿಕ್ಕಿನಲ್ಲಿ 48, ಅಗಲ ಎತ್ತರಗಳ ದಿಕ್ಕಿನಲ್ಲಿ 57 ಹರ್ಟ್ಸ್ ಮತ್ತು ಇವುಗಳ ಅಪವರ್ತ್ಯಗಳು ಕೃತಕವಾಗಿ ಉಬ್ಬುತ್ತವೆ. ಅಗಲವೂ ಎತ್ತರವೂ ಸಮನಾಗಿರುವುದರಿಂದ ದೋಷ ಇಮ್ಮಡಿಯಾಗುತ್ತದೆ. ಮೃದಂಗದ ತೊಪ್ಪಿಯ ಗುಮ್ಕಿ ಒಂದು ಮೂಲೆಯಲ್ಲಿ ಗುಡುಗಿನಂತೆಯೂ ಕೋಣೆಯ ನಡುವೆ ಸತ್ತಂತೆಯೂ ಕೇಳಿಸುವುದಕ್ಕೆ ವಾದಕನಾಗಲಿ ವಾದ್ಯವಾಗಲಿ ಹೊಣೆಯಲ್ಲ. ಮೂಲೆಗಳಲ್ಲಿ ದಪ್ಪನೆಯ ಹೀರುವ ವಸ್ತುಗಳನ್ನು ತುಂಬುವುದು, ಆಲಿಸುವ ಸ್ಥಾನವನ್ನು ಬದಲಿಸುವುದು ಇವೇ ಇದಕ್ಕೆ ಪರಿಹಾರಗಳು.

ಇಂತಹ ಅನುಕೂಲಗಳಿಲ್ಲದ ಮನೆಯಲ್ಲಿಯೂ ಧ್ವನಿಯ ಕೆಲಸ ನಡೆದೇ ಇತ್ತು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿ ಅದಕ್ಕೆ 'ಆಕಾಶವಾಣಿ' ಎಂಬ ಹೆಸರನ್ನು ಬಳಸಿದರು. ಅದು ಪ್ರಸಾರವೇ ಹೊರತು ಮುದ್ರಣವಲ್ಲ. ಆದರೂ ಮನೆಯ ಕೋಣೆಯಿಂದ ಹೊರಟ ಧ್ವನಿ ಊರಿಗೆಲ್ಲ ತಲುಪಬಲ್ಲದೆಂಬುದನ್ನು ತೋರಿಸಿದ ಕನ್ನಡನಾಡಿನ ಮೊದಲ ನಿದರ್ಶನವಾಗಿ ಅದನ್ನು ನೆನೆಯಬೇಕು.

ಟೇಪಿನ ಆಗಮನ ಮತ್ತು ಮನೆಯ ಪ್ರಯೋಗಗಳು

ಜರ್ಮನಿಯಲ್ಲಿ 1935ರಲ್ಲಿ ಪ್ರದರ್ಶಿತವಾದ ಮ್ಯಾಗ್ನೆಟೋಫೋನ್ ಯಂತ್ರವು ಎರಡನೆಯ ಮಹಾಯುದ್ಧದ ತರುವಾಯ ಜಾಕ್ ಮಲಿನ್ ಮೂಲಕ ಅಮೆರಿಕ ಸೇರಿತು. 1948ರಲ್ಲಿ ಆಂಪೆಕ್ಸ್ ಕಂಪನಿ ತನ್ನ ಮೊದಲ ಟೇಪ್ ಯಂತ್ರವನ್ನು ಹೊರತಂದಿತು. ಗಿಟಾರ್ ವಾದಕ ಲೆಸ್ ಪಾಲ್ ಅದಕ್ಕೂ ಮೊದಲೇ ಹಾಲಿವುಡ್ಡಿನ ತನ್ನ ಮನೆಯ ಗ್ಯಾರೇಜಿನಲ್ಲಿ ತಟ್ಟೆಯಿಂದ ತಟ್ಟೆಗೆ ಧ್ವನಿಯ ಮೇಲೆ ಧ್ವನಿಯನ್ನು ಪೇರಿಸುವ ಪ್ರಯೋಗ ನಡೆಸಿದ್ದನು. ಟೇಪು ಕೈಗೆ ಬಂದ ಮೇಲೆ ಆತನೂ ಪತ್ನಿ ಮೇರಿ ಫೋರ್ಡಳೂ ಮನೆಯಲ್ಲಿಯೇ ಮುದ್ರಿಸಿದ 'ಹೌ ಹೈ ದ ಮೂನ್' 1951ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯ ತುದಿಗೇರಿತು.

ಈ ಯಶಸ್ಸಿನ ಹಿಂದೆ ಎರಡು ಶಿಸ್ತುಗಳನ್ನು ಗುರುತಿಸಬಹುದು. ಒಂದು, ಮೈಕ್ರೋಫೋನನ್ನು ಗಾಯಕಿಯ ಬಾಯಿಗೆ ತೀರ ಹತ್ತಿರ ಇಡುವುದು. ತೆರೆದ ಜಾಗದಲ್ಲಿ ಅಂತರ ಇಮ್ಮಡಿಯಾದಾಗ ನೇರ ಧ್ವನಿಯ ಮಟ್ಟ 6 ಡೆಸಿಬಲ್ ಇಳಿಯುತ್ತದೆ. ಆದರೆ ಕೋಣೆಯ ಅನುರಣನ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಹತ್ತಿರ ಬಂದಷ್ಟೂ ಕೋಣೆ ಹಿಂದೆ ಸರಿಯುತ್ತದೆ. ಎರಡನೆಯದು, ಮುದ್ರಣದ ಕ್ರಮ. ಪೇರಿಸಿದ ಪ್ರತಿ ಪದರದೊಂದಿಗೆ ಹಳೆಯ ಪದರಗಳು ಮಸುಕಾಗಿ ಟೇಪಿನ ಬುಸುಗುಟ್ಟುವಿಕೆ ಹೆಚ್ಚುತ್ತಿದ್ದುದರಿಂದ ಕಡಿಮೆ ಮಹತ್ವದ ಭಾಗಗಳನ್ನು ಮೊದಲು, ಮುಖ್ಯ ಗಾಯನವನ್ನು ಕೊನೆಗೆ ಮುದ್ರಿಸಬೇಕಾಗಿತ್ತು. ಒಂದು ತಪ್ಪಾದರೆ ಹಿಂದಿನದೆಲ್ಲವೂ ಹೋಗುತ್ತಿತ್ತು. ಏನನ್ನು ಮುದ್ರಿಸಬೇಕೆಂದು ಮೊದಲೇ ನಿಶ್ಚಯಿಸಿಕೊಳ್ಳುವ ಈ ಅನಿವಾರ್ಯತೆಯೇ ಆ ಮುದ್ರಿಕೆಗಳ ಸ್ಪಷ್ಟತೆಗೆ ಕಾರಣವಾಯಿತೆಂದು ಹೇಳಬಹುದು.

ಲಂಡನ್ನಿನ ಹಾಲೊವೇ ರಸ್ತೆಯಲ್ಲಿ ಚರ್ಮದ ಸಾಮಾನಿನ ಅಂಗಡಿಯೊಂದರ ಮೇಲಿನ ಬಾಡಿಗೆ ಮನೆಯಲ್ಲಿ ಜೋ ಮೀಕ್ ನಡೆಸಿದ ಕೆಲಸ ಇದಕ್ಕೆ ಪೂರಕವಾದ ಇನ್ನೊಂದು ಉದಾಹರಣೆ. ಆತನು ಬಚ್ಚಲುಮನೆಯ ಅನುರಣನವನ್ನೇ ಸಾಧನವಾಗಿ ಬಳಸಿಕೊಂಡನು. ಅಲ್ಲಿ ರೂಪುಗೊಂಡ 'ಟೆಲ್‌ಸ್ಟಾರ್' 1962ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳೆರಡರಲ್ಲಿಯೂ ಮೊದಲ ಸ್ಥಾನಕ್ಕೇರಿತು. ಲೆಸ್ ಪಾಲ್ ಕೋಣೆಯನ್ನು ದೂರವಿಟ್ಟರೆ ಮೀಕ್ ಅದನ್ನು ಆರಿಸಿಕೊಂಡನು. ಇಬ್ಬರೂ ಕೋಣೆಯನ್ನು ಅಲಕ್ಷಿಸಲಿಲ್ಲವೆಂಬುದೇ ಇಲ್ಲಿ ಗಮನಾರ್ಹ.

ಕ್ಯಾಸೆಟ್ಟಿನ ಪ್ರಜಾಸತ್ತೆ

ಫಿಲಿಪ್ಸ್ ಕಂಪನಿ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್ ಅಗ್ಗವಾಗಿದ್ದರೂ ಅದರ ಟೇಪಿನ ಬುಸುಗುಟ್ಟುವಿಕೆ ಸಂಗೀತಕ್ಕೆ ಅಡ್ಡಿಯಾಗಿತ್ತು. ಅದನ್ನು ತಗ್ಗಿಸುವ ವಿಧಾನವನ್ನು ರೂಪಿಸಿದ ರೇ ಡಾಲ್ಬಿ 1963ರಿಂದ 1965ರವರೆಗೆ ವಿಶ್ವಸಂಸ್ಥೆಯ ಸಲಹೆಗಾರನಾಗಿ ಭಾರತದಲ್ಲಿದ್ದು, ಬಳಿಕ ಲಂಡನ್ನಿನಲ್ಲಿ ತನ್ನ ಪ್ರಯೋಗಶಾಲೆಯನ್ನು ಸ್ಥಾಪಿಸಿದನು. ಆತನ ವಿಧಾನ ಗೃಹಬಳಕೆಯ ಯಂತ್ರಗಳಿಗೂ ಬಂದ ಮೇಲೆ ಕ್ಯಾಸೆಟ್ ಸಂಗೀತಕ್ಕೆ ಯೋಗ್ಯ ಮಾಧ್ಯಮವಾಯಿತು. ಕನ್ನಡದಲ್ಲಿ ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ 'ನಿತ್ಯೋತ್ಸವ' ಕ್ಯಾಸೆಟ್ 1978ರಲ್ಲಿ ಹೊರಬಂದು ಸುಗಮ ಸಂಗೀತವನ್ನು ಮನೆಮನೆಗೆ ಒಯ್ದಿತು. ಆದರೂ ಉತ್ತಮ ಧ್ವನಿಮುದ್ರಣಕ್ಕೆ ಕನ್ನಡ ಚಿತ್ರರಂಗವು ಬಹುಕಾಲ ಮದರಾಸನ್ನು ಅವಲಂಬಿಸಿತ್ತು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋವನ್ನು ಕಟ್ಟಿದ್ದು ಈ ಕೊರತೆಯನ್ನು ನೀಗುವ ಉದ್ದೇಶದಿಂದಲೇ. ಒಂದು ನಾಡಿಗೆ ತನ್ನದೇ ಆದ ಧ್ವನಿಮುದ್ರಣದ ಕೋಣೆ ಎಷ್ಟು ಅಗತ್ಯವೆಂಬುದಕ್ಕೆ ಇದು ಸಾಕ್ಷಿ.

1979ರಲ್ಲಿ ಜಪಾನಿನ ಟೀಯಾಕ್ ಕಂಪನಿಯು ಸಾಮಾನ್ಯ ಕ್ಯಾಸೆಟ್ಟಿನಲ್ಲಿ ನಾಲ್ಕು ಪಥಗಳನ್ನು ಪ್ರತ್ಯೇಕವಾಗಿ ಮುದ್ರಿಸಬಲ್ಲ ಪೋರ್ಟಾಸ್ಟುಡಿಯೋ ಯಂತ್ರವನ್ನು ಮಾರುಕಟ್ಟೆಗೆ ತಂದಿತು. 1982ರ ಆರಂಭದಲ್ಲಿ ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಇಂತಹ ಯಂತ್ರದಲ್ಲಿ ನ್ಯೂ ಜೆರ್ಸಿಯ ತನ್ನ ಮನೆಯಲ್ಲಿ ಕೆಲವು ಹಾಡುಗಳನ್ನು ಕರಡಾಗಿ ಮುದ್ರಿಸಿದನು. ಅವನ್ನೇ ವಾದ್ಯವೃಂದದೊಡನೆ ಸ್ಟುಡಿಯೋದಲ್ಲಿ ಮತ್ತೆ ಹಾಡಿದಾಗ ಮೂಲದ ಭಾವ ಉಳಿಯಲಿಲ್ಲ. ಕೊನೆಗೆ ಮನೆಯ ಕ್ಯಾಸೆಟ್ಟೇ 'ನೆಬ್ರಾಸ್ಕಾ' ಎಂಬ ಹೆಸರಿನಲ್ಲಿ ಅದೇ ವರ್ಷ ಪ್ರಕಟವಾಯಿತು. ಆ ಟೇಪನ್ನು ತಟ್ಟೆಗೆ ಇಳಿಸಲು ತಂತ್ರಜ್ಞರು ಬಹಳ ಶ್ರಮಪಡಬೇಕಾಯಿತು. ಈ ಪ್ರಸಂಗ ಎರಡು ಸತ್ಯಗಳನ್ನು ಒಟ್ಟಿಗೆ ಹೇಳುತ್ತದೆ. ಮನೆಯಲ್ಲಿ ಸಿಗುವ ನಿರಾಳತೆ ಸ್ಟುಡಿಯೋದಲ್ಲಿ ಸಿಗದಿರಬಹುದು. ಆದರೆ ಮುದ್ರಿಸುವಾಗ ಉಳಿದ ಕೊರತೆಯನ್ನು ಅನಂತರ ತುಂಬುವುದು ಬಹಳ ಕಷ್ಟ.

ಸಂಖ್ಯೆಗಳ ಯುಗ

ದಕ್ಷಿಣ ಭಾರತದಲ್ಲಿ ಗೃಹ ಸ್ಟುಡಿಯೋದ ಶಕ್ತಿಯನ್ನು ಎಲ್ಲರಿಗೂ ಮನಗಾಣಿಸಿದವರು ಎ. ಆರ್. ರೆಹಮಾನ್. 1989ರಲ್ಲಿ ಮದರಾಸಿನ ತಮ್ಮ ಮನೆಯ ಹಿತ್ತಿಲಿನಲ್ಲಿ ಅವರು ಕಟ್ಟಿಕೊಂಡ ಪಂಚತನ್ ಸ್ಟುಡಿಯೋದಲ್ಲಿ 1992ರ 'ರೋಜಾ' ಚಿತ್ರದ ಸಂಗೀತ ಸಿದ್ಧವಾಯಿತು. ಅದರ ಧ್ವನಿಯ ಸ್ವಚ್ಛತೆಯ ಹಿಂದೆ ಎಚ್. ಶ್ರೀಧರ್ ಅವರಂತಹ ನುರಿತ ಧ್ವನಿತಜ್ಞರ ಕಿವಿ ಇದ್ದುದನ್ನು ಮರೆಯುವಂತಿಲ್ಲ. ಮನೆಯ ಸ್ಟುಡಿಯೋ ಎಂದರೆ ಒಬ್ಬನೇ ಎಲ್ಲವನ್ನೂ ಮಾಡುವ ಸ್ಥಳವೆಂಬ ಕಲ್ಪನೆಗೆ ಈ ನಿದರ್ಶನ ಹೊಂದುವುದಿಲ್ಲ.

ಅದೇ ಕಾಲದಲ್ಲಿ ಅಲೆಸಿಸ್ ಕಂಪನಿಯ ಎಂಟು ಪಥಗಳ ಅಡಾಟ್ ಯಂತ್ರ, ಡಿಜಿಡಿಸೈನ್ ಕಂಪನಿಯ ಪ್ರೊ ಟೂಲ್ಸ್, 1996ರಲ್ಲಿ ಸ್ಟೈನ್‌ಬರ್ಗ್ ಕಂಪನಿಯ ಕ್ಯೂಬೇಸ್ ವಿಎಸ್‌ಟಿ ತಂತ್ರಾಂಶಗಳು ಬಂದು ಸ್ಟುಡಿಯೋದ ಯಂತ್ರಸಮೂಹವನ್ನು ಮೇಜಿನ ಮೇಲೆ ತಂದಿರಿಸಿದವು. ಟೇಪಿನ ಬುಸುಗುಟ್ಟುವಿಕೆ ಇಲ್ಲವಾಯಿತು. ಪ್ರತಿ ಬಿಟ್ಟಿಗೆ ಸುಮಾರು 6 ಡೆಸಿಬಲ್ಲಿನಂತೆ 16 ಬಿಟ್ಟಿನ ಮುದ್ರಣಕ್ಕೆ 96, 24 ಬಿಟ್ಟಿನದಕ್ಕೆ ತಾತ್ತ್ವಿಕವಾಗಿ 144 ಡೆಸಿಬಲ್ ವ್ಯಾಪ್ತಿ ದೊರೆಯಿತು. ಟೇಪಿನ ಕಾಲದಲ್ಲಿ ಸದ್ದನ್ನು ಮೀರಲೆಂದು ಧ್ವನಿಮಟ್ಟವನ್ನು ಮುಳ್ಳು ಕೆಂಪು ಗೆರೆ ಮುಟ್ಟುವವರೆಗೆ ಏರಿಸುವ ರೂಢಿಯಿತ್ತು. ಟೇಪು ಅದನ್ನು ಮೃದುವಾಗಿ ಸಹಿಸಿಕೊಳ್ಳುತ್ತಿತ್ತು. ಸಂಖ್ಯಾ ಮುದ್ರಣದಲ್ಲಿ ಮಿತಿ ಮೀರಿದ ಅಲೆಯ ತುದಿ ಕತ್ತರಿಸಿ ಹೋಗಿ ಕರ್ಕಶವಾಗುತ್ತದೆ. ಗರಿಷ್ಠ ಮಟ್ಟಕ್ಕಿಂತ ಹತ್ತು ಹನ್ನೆರಡು ಡೆಸಿಬಲ್ ಕೆಳಗೆ ಮುದ್ರಿಸಿದರೆ 24 ಬಿಟ್ಟಿನಲ್ಲಿ ಏನೂ ನಷ್ಟವಿಲ್ಲ. ಹೀಗಿದ್ದರೂ ಹಳೆಯ ರೂಢಿ ಕಾರಣ ಮರೆತ ಮೇಲೂ ಉಳಿದುಕೊಂಡು ಅನೇಕ ಮನೆ ಮುದ್ರಣಗಳನ್ನು ಕೆಡಿಸಿತು.

ಆಲಿಕೆಯ ಪ್ರಶ್ನೆ

ಪ್ರತ್ಯೇಕವಾಗಿ ಮುದ್ರಿಸಿದ ಪಥಗಳನ್ನು ಹದವಾಗಿ ಕೂಡಿಸುವ ಕ್ರಿಯೆಯೇ ಮಿಶ್ರಣ. ಇಲ್ಲಿ ಯಂತ್ರಕ್ಕಿಂತ ಕಿವಿಯ ಪಾತ್ರ ಹಿರಿದು, ಆದರೆ ಕಿವಿಯೂ ತಟಸ್ಥವಲ್ಲ. ಅಮೆರಿಕದ ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿಕೊಟ್ಟಂತೆ, ಮೆಲ್ಲನೆಯ ಧ್ವನಿಯಲ್ಲಿ ನಮ್ಮ ಕಿವಿಗೆ ಮಂದ್ರ ಕಡಿಮೆ ಕೇಳಿಸುತ್ತದೆ. ಧ್ವನಿ ಏರಿದಂತೆ ಮಂದ್ರವೂ ತುಂಬಿಕೊಳ್ಳುತ್ತದೆ. ಜೋರಾಗಿಟ್ಟು ಮಿಶ್ರಣ ಮಾಡಿದ ಹಾಡು ಆ ಕ್ಷಣಕ್ಕೆ ಭವ್ಯವಾಗಿ ಕೇಳಿಸಿ, ಸಾಮಾನ್ಯ ಮಟ್ಟದಲ್ಲಿ ಬಡಕಲಾಗುವುದು ಇದರಿಂದ. ಒಂದೇ ಮಿತವಾದ ಮಟ್ಟದಲ್ಲಿ ಆಲಿಸುತ್ತ, ಆಗಾಗ ಕಿವಿಗೆ ವಿಶ್ರಾಂತಿ ಕೊಡುವುದು ವೃತ್ತಿಪರರು ರೂಢಿಸಿಕೊಂಡ ಕ್ರಮ.

ಯಮಾಹಾ ಕಂಪನಿ 1978ರಲ್ಲಿ ಮನೆಬಳಕೆಗೆಂದು ತಯಾರಿಸಿದ ಎನ್‌ಎಸ್-10 ಎಂಬ ಚಿಕ್ಕ ಧ್ವನಿವರ್ಧಕದ ಕಥೆ ಇಲ್ಲಿ ಉಲ್ಲೇಖನೀಯ. ಮನೆಯ ಕೇಳುಗರಿಗೆ ಅದು ರುಚಿಸಲಿಲ್ಲ. ಮಂದ್ರದಲ್ಲಿ ಕೃಪಣವಾಗಿದ್ದು ಮಧ್ಯಭಾಗದ ದೋಷಗಳನ್ನು ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆಯುತ್ತಿದ್ದ ಅದನ್ನು ಸ್ಟುಡಿಯೋಗಳು ಮಾತ್ರ ಸ್ವಾಗತಿಸಿದವು. ಅದರ ಬಿಳಿಯ ಕೋನು ಜಗತ್ತಿನ ಸ್ಟುಡಿಯೋಗಳ ಗುರುತೇ ಆಯಿತು. ಹಿತವಾಗಿ ಕೇಳಿಸುವ ಧ್ವನಿವರ್ಧಕವೂ ನಿಜ ಹೇಳುವ ಧ್ವನಿವರ್ಧಕವೂ ಒಂದೇ ಅಲ್ಲವೆಂಬ ವಿವೇಕವನ್ನು ಈ ಘಟನೆ ಕಲಿಸುತ್ತದೆ.

ನಿಜವಾದ ಆಲಿಕೆ ತಪ್ಪಿದಾಗ ಏನಾಗುತ್ತದೆಂಬುದಕ್ಕೆ 1990ರ ದಶಕದಿಂದ ಬೆಳೆದ ಗಟ್ಟಿತನದ ಪೈಪೋಟಿ ನಿದರ್ಶನ. ಪಕ್ಕದ ಹಾಡಿಗಿಂತ ತನ್ನದು ಜೋರಾಗಿ ಕೇಳಿಸಬೇಕೆಂಬ ಹಟದಲ್ಲಿ ಮೆಲುದನಿಯನ್ನು ಏರಿಸಿ ಗಟ್ಟಿಯನ್ನು ಅದುಮಿ ಎಲ್ಲವನ್ನೂ ಸಮತಟ್ಟು ಮಾಡಲಾಯಿತು. 2008ರಲ್ಲಿ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಮುದ್ರಿಕೆಯ ಬಗ್ಗೆ ಕೇಳುಗರೇ ಪ್ರತಿಭಟಿಸಿದರು. ಗಟ್ಟಿತನವನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡ 2006ರಲ್ಲಿ ಬಂದ ಬಳಿಕ ಪ್ರಸಾರ ಸಂಸ್ಥೆಗಳೂ ಮುಂದೆ ಅಂತರಜಾಲದ ಸಂಗೀತ ಸೇವೆಗಳೂ ಎಲ್ಲ ಹಾಡುಗಳನ್ನು ಸಮಾನ ಮಟ್ಟಕ್ಕೆ ತರತೊಡಗಿದವು. ಅದುಮಿದ ಹಾಡಿಗೆ ಈಗ ಲಾಭವಿಲ್ಲ. ಗಮಕದ ಏರಿಳಿತವೇ ಜೀವಾಳವಾದ ನಮ್ಮ ಸಂಗೀತಕ್ಕೆ, ತಂಬೂರಿಯ ಜೀವಾಳಿಯ ಸೂಕ್ಷ್ಮ ಸ್ವರಗಳಿಗೆ ಇದರಿಂದ ಉಪಕಾರವಾಗಿದೆ.

2019ರಲ್ಲಿ ಪ್ರಕಟವಾದ ಬಿಲ್ಲಿ ಐಲಿಶ್‌ಳ ಮೊದಲ ಸಂಪುಟವು ಲಾಸ್ ಏಂಜಲೀಸಿನ ಮನೆಯಲ್ಲಿ ಅಣ್ಣ ಫಿನಿಯಸ್‌ನ ಮಲಗುವ ಕೋಣೆಯಲ್ಲಿ ಸಿದ್ಧವಾಗಿ, 2020ರ ಜನವರಿಯಲ್ಲಿ ಗ್ರ್ಯಾಮಿಯ ವರ್ಷದ ಸಂಪುಟ ಪ್ರಶಸ್ತಿ ಪಡೆಯಿತು. ಮಲಗುವ ಕೋಣೆಯ ವಿಜಯವೆಂದು ಇದನ್ನು ಕೊಂಡಾಡಲಾಗಿದೆ. ಆದರೆ ಅದರ ಮಿಶ್ರಣವನ್ನು ಮಾಡಿದವರು ರಾಬ್ ಕಿನೆಲ್‌ಸ್ಕಿ ಎಂಬ ವೃತ್ತಿಪರರು. ಹಾಡು ಮನೆಯಲ್ಲಿ ಹುಟ್ಟಿತು. ಅದರ ಮೇಲೆ ಹೊರಗಿನ ಕಿವಿಯೊಂದು ತೀರ್ಪು ನೀಡಿತು. ಅದೇ ವರ್ಷ ಕೋವಿಡ್ ದಿಗ್ಬಂಧನದ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಕಲಾವಿದರು ಮನೆಯಿಂದಲೇ ಹಾಡಿ ನುಡಿಸಬೇಕಾಗಿ ಬಂದಾಗ ಈ ಪ್ರಶ್ನೆ ಎಲ್ಲರ ಮನೆಬಾಗಿಲಿಗೂ ಬಂದಿತು.

ಉಪಸಂಹಾರ

ಈ ಅವಲೋಕನದಿಂದ ಗೃಹ ಧ್ವನಿಮುದ್ರಣದ ಸುಧಾರಣೆಗೆ ಒಂದು ಕ್ರಮವೇ ಗೋಚರಿಸುತ್ತದೆ. ಮೊದಲು ಕೋಣೆ, ಅನಂತರ ಕೋಣೆಯಲ್ಲಿ ಹಾಡುವವರ ಮತ್ತು ಮೈಕ್ರೋಫೋನಿನ ಸ್ಥಾನ, ಅನಂತರ ಮುದ್ರಣದ ಮಟ್ಟ, ಆಮೇಲೆ ಮಿತವಾದ ಆಲಿಕೆ, ಎಲ್ಲಕ್ಕೂ ಕೊನೆಯಲ್ಲಿ ಯಂತ್ರ. ಮಾರುಕಟ್ಟೆ ಈ ಕ್ರಮವನ್ನು ತಲೆಕೆಳಗಾಗಿಸಿ ಯಂತ್ರವನ್ನೇ ಮೊದಲು ಮುಂದಿಡುತ್ತದೆ. ಕೊಂಡುಕೊಳ್ಳಲಾಗದ ಮೌನ, ತಾಳ್ಮೆ ಮತ್ತು ಸ್ನೇಹಿತನ ನಿಷ್ಠುರ ಅಭಿಪ್ರಾಯಗಳು ಅದರ ಪಟ್ಟಿಯಲ್ಲಿರುವುದಿಲ್ಲ.

ಈ ವಿಷಯ ಕೇವಲ ತಾಂತ್ರಿಕವಾದುದಲ್ಲ. ಕಂಪನಿಗಳು ಎಂದೂ ಕರೆಯದಿದ್ದ ಹಳ್ಳಿಯ ತತ್ವಪದಕಾರರು, ಸೋಬಾನೆ ಹಾಡುವ ಹಿರಿಯ ಹೆಂಗಸರು, ಮನೆಯಲ್ಲಿಯೇ ಪಾಠ ಹೇಳಿಕೊಡುವ ವೀಣೆಯ ಗುರುಗಳು ಇಂದು ಮಕ್ಕಳ ಮೊಮ್ಮಕ್ಕಳ ಮುಂದೆ ಹಾಡಿ ನುಡಿಸಿ ಮುದ್ರಿತರಾಗುತ್ತಿದ್ದಾರೆ. ಇವರಲ್ಲಿ ಅನೇಕರಿಗೆ ಇದೇ ಮೊದಲ ಮುದ್ರಣ; ಇದೇ ಕೊನೆಯದೂ ಆಗಬಹುದು. ಬುಸುಗುಟ್ಟುವ ಸದ್ದನ್ನು ತಂತ್ರಾಂಶ ಒಂದಿಷ್ಟು ತೆಗೆಯಬಲ್ಲದು, ಆದರೆ ಬರಿಗೋಡೆಗಳ ಅನುರಣನದಲ್ಲಿ ಕರಗಿಹೋದ ಸಾಹಿತ್ಯದ ಅಕ್ಷರವನ್ನು, ತುದಿ ಕತ್ತರಿಸಿಹೋದ ತಾರಸ್ವರವನ್ನು ಪೂರ್ಣವಾಗಿ ಮರಳಿ ತರಲಾರದು. ಗೌಹರ್ ಜಾನಳ ದನಿ ನೂರು ವರ್ಷಗಳ ಮೇಲೂ ನಮಗೆ ದೊರೆಯುತ್ತಿರುವುದು ಹೋಟೆಲಿನ ಕೋಣೆಯಲ್ಲಿ ಯಾರೋ ಆಕೆಯನ್ನು ಕೊಂಬಿನ ಮುಂದೆ ಸರಿಯಾದ ಅಂತರದಲ್ಲಿ ನಿಲ್ಲಿಸಿದ್ದರಿಂದ. ಅಜ್ಜಿಯೊಬ್ಬಳನ್ನು ಹಾಡಲು ಕೂರಿಸುವ ಮುನ್ನ ಕಿಟಕಿಯನ್ನು ಮುಚ್ಚಿ, ಫ್ಯಾನನ್ನು ನಿಲ್ಲಿಸಿ, ಬೆನ್ನ ಹಿಂದೆ ಒಂದು ಹಾಸಿಗೆಯನ್ನು ಒರಗಿಸುವುದು ಇಂದಿಗೂ ಅಷ್ಟೇ ಮುಖ್ಯವಾದ ಕೆಲಸ.